ಚಿತ್ರದ ಹಿಂದಿನ ಕಥೆ: ಯಾವುದನ್ನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು ನಲವತ್ತೇಳು. ಮದುವೆಗೆ ಮುಂಚೆ ಹಿರಿಯ ಗುರುಗಳೊಬ್ಬರ ಬಳಿ ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಕಲೆಯನ್ನು ಕಲಿತೆ. ಯಜಮಾನರು ತೀರಿಕೊಂಡ ಮೇಲೆ ಅದೇ ನನ್ನ ಜೀವನೋಪಾಯವಾಗಿದೆ. ಇಷ್ಟು ವರ್ಷ ಒಂದು ಅಂಗಡಿಯ ಮೂಲಕ ಮಾರುತ್ತಿದ್ದೆ. ಈಚೆಗೆ ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ಖಾತೆ ತೆರೆದು ನನ್ನ ಚಿತ್ರಗಳನ್ನು ಹಾಕುತ್ತಿದ್ದಾಳೆ. ‘ಬಹಳ ಚೆನ್ನಾಗಿದೆ’ ಎನ್ನುವವರಿಗೆ ಕೊರತೆಯಿಲ್ಲ, ಆದರೆ ಬೆಲೆ ಕೇಳಿದ ಮೇಲೆ ಮರುಮಾತು ಬರುವುದಿಲ್ಲ. ಚಿತ್ರದ ಹಿಂದಿನ ಕಥೆ ಹೇಳಿದರೆ ಜನ ತಾವಾಗಿಯೇ ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ಕಥೆ? ಯಜಮಾನರ ಸಾವಿನ ಬಗ್ಗೆ ಬರೆಯಿರಿ ಎಂದು ಪರಿಚಿತರೊಬ್ಬರು ಹೇಳಿದರೆ, ‘ಅರಮನೆ ಕಲಾವಿದರ ಮನೆತನ’ ಎಂದು ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಉಬ್ಬು ಕೆಲಸಕ್ಕೆ ಬಳಸುವ ಲೇಪವಾದ ಜೆಸ್ಸೊ ಮಾಡುವ ಕ್ರಮವನ್ನು ತೋರಿಸಿದರೆ ಕದ್ದುಬಿಡುತ್ತಾರೆ ಎಂದು ಜೊತೆಯಲ್ಲಿ ಕಲಿತವರು ಹೆದರಿಸುತ್ತಾರೆ. ದೇವರ ಚಿತ್ರವನ್ನು ಅರ್ಧದಲ್ಲಿ ತೋರಿಸಲು ನನಗೇ ಮನಸ್ಸು ಬರುವುದಿಲ್ಲ. ಕೆಲಸ ಚೆನ್ನಾಗಿದ್ದರೆ ಅದೇ ಮಾತನಾಡಬೇಕಲ್ಲವೇ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮಾರಾಟದ ಚಿಂತೆಯ ಜೊತೆಗೆ ಇನ್ನೊಂದು ಆತಂಕವೂ ಇದೆ. ಚಿತ್ರ ಮಾರಲು ಹೋಗಿ ನಿಮ್ಮ ದುಃಖವನ್ನೋ, ಗುರುಗಳಿಂದ ಬಂದ ವಿದ್ಯೆಯನ್ನೋ, ಇಲ್ಲದ ವಂಶಾವಳಿಯನ್ನೋ ಮಾರಬೇಕಾದೀತೆಂಬ ಭಯ ಅದು. ಕರಕುಶಲ ಕಲಾವಿದರೊಂದಿಗೆ ಅವರ ಪ್ರದರ್ಶನ ಮತ್ತು ಮಾರಾಟದ ವಿಷಯದಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿರುವ ನನಗೆ ಈ ಭಯ ಹೊಸದಲ್ಲ, ಅದನ್ನು ಸಂಕೋಚದ ಸ್ವಭಾವವೆಂದು ತಳ್ಳಿಹಾಕುವುದೂ ಸರಿಯಲ್ಲ. ನಿಮಗೆ ಸಿಕ್ಕಿರುವ ಸಲಹೆಗಳಲ್ಲಿ ಒಂದು ನಿರುಪಯುಕ್ತ, ಇನ್ನೊಂದು ಅಪಾಯಕಾರಿ, ಮತ್ತೊಂದು ಅರ್ಧ ಮಾತ್ರ ನಿಜ. ಕಥೆ ಹೇಳಬೇಕು ಎಂಬ ಮೂಲ ಸಲಹೆ ಮಾತ್ರ ಸರಿಯಾದದ್ದು. ಆದರೆ ಆ ಕಥೆ ನಿಮ್ಮ ಬದುಕಿನದ್ದೇ ಆಗಬೇಕಾಗಿಲ್ಲ, ನಿಮ್ಮ ಮಣೆಯ ಮೇಲಿರುವ ಹಲಗೆಯದ್ದಾದರೆ ಸಾಕು.

‘ಕೆಲಸವೇ ಮಾತನಾಡಬೇಕು’ ಎಂಬ ನಿಮ್ಮ ನಂಬಿಕೆಯಿಂದಲೇ ಆರಂಭಿಸೋಣ. ಅದು ಸುಳ್ಳಲ್ಲ, ಅದು ನಿಜವಾಗಿದ್ದ ಕಾಲವೊಂದಿತ್ತು. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಆಶ್ರಯ ಕಳೆದುಕೊಂಡ ಚಿತ್ರಕಾರರು ಶ್ರೀರಂಗಪಟ್ಟಣ, ಮೈಸೂರುಗಳತ್ತ ಬಂದರೆಂದು ಈ ಕಲೆಯ ಇತಿಹಾಸ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅದು ಪೂರ್ಣವಾಗಿ ಅರಳಿತು. ಆಗ ಚಿತ್ರ ಬರೆಸಿದವರು ಅರಮನೆಯವರು, ಮಠದವರು, ಅನುಕೂಲಸ್ಥ ಮನೆತನದವರು. ಬರೆಯುವವನು ಯಾರು, ಯಾರ ಶಿಷ್ಯ ಎಂಬುದು ಅವರಿಗೆ ಗೊತ್ತಿತ್ತು, ದೇವತೆಯ ಧ್ಯಾನಶ್ಲೋಕ ಅವರ ಬಾಯಲ್ಲಿತ್ತು. ಯಾವ ಕೈಯಲ್ಲಿ ಯಾವ ಆಯುಧ, ಯಾವ ಮೈಬಣ್ಣ, ಯಾವ ಆಸನ ಎಂಬುದನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ. ಆ ಚಿತ್ರಗಳಲ್ಲಿ ಬಹುಪಾಲಿನ ಮೇಲೆ ಕಲಾವಿದನ ಸಹಿಯೂ ಇಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ. ಚಿತ್ರ ಮಾತನಾಡಿತು ಎನ್ನುವಾಗ ನಾವು ಮರೆಯುವುದೇನೆಂದರೆ, ನೋಡುವವರಿಗೆ ಆ ಭಾಷೆ ಮೊದಲೇ ಬರುತ್ತಿತ್ತು.

ಇಂದು ನಿಮ್ಮ ಚಿತ್ರವನ್ನು ನೋಡುವವರು ಪುಣೆಯಲ್ಲೋ ದುಬೈಯಲ್ಲೋ ಬಸ್ಸಿನಲ್ಲಿ ಕುಳಿತು ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ. ಮೈಸೂರು ಶೈಲಿಯ ಜೀವವೇ ತೆಳುವಾದ ಉಬ್ಬು ಕೆಲಸ, ಅಂದರೆ ಒಡವೆ, ಅಂಚುಗಳನ್ನು ಜೆಸ್ಸೊದಿಂದ ತುಸು ಎತ್ತರಿಸಿ ಮೇಲೆ ಚಿನ್ನದ ರೇಕು (ತೆಳು ಹಾಳೆ) ಹಚ್ಚುವುದು, ಮತ್ತು ಅದು ಫೋನಿನ ಪರದೆಯಲ್ಲಿ ಕಾಣುವುದೇ ಇಲ್ಲ. ತಂಜಾವೂರು ಚಿತ್ರಗಳಲ್ಲಿ ಉಬ್ಬು ದಪ್ಪ, ಮೇಲೆ ಗಾಜಿನ ಕಲ್ಲುಗಳನ್ನು ಕೂರಿಸಿರುತ್ತಾರೆ, ಆದ್ದರಿಂದ ಸಣ್ಣ ಫೋಟೋದಲ್ಲೂ ಅವು ಹೊಳೆದು ಕಾಣುತ್ತವೆ. ನಿಮ್ಮ ಕೆಲಸದಲ್ಲಿ ಒಡವೆಯ ಗೆರೆ ಎಷ್ಟು ನವಿರಾಗಿರುತ್ತದೆಂದರೆ, ನೇರ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಅದು ಚಪ್ಪಟೆಯಾದ ಹಳದಿ ಬಣ್ಣದಂತೆ ಕಾಣುತ್ತದೆ. ನೋಡಿದವರು ಅದನ್ನು ಮುದ್ರಿತ ಪಟವೆಂದೇ ತಿಳಿದು, ಬೆಲೆ ಕೇಳಿ ಬೆಚ್ಚಿ ಸುಮ್ಮನಾಗುತ್ತಾರೆ. ಅವರಿಗೆ ಅಭಿರುಚಿ ಇಲ್ಲವೆಂದು ಭಾವಿಸಬೇಡಿ. ಆ ಬೆಲೆಗೆ ಕಾರಣವಾದ ಕೆಲಸ ಅವರ ಕಣ್ಣಿಗೆ ತಲುಪಿಲ್ಲ, ಅಷ್ಟೇ. ಹಿಂದೆ ಪರಿಚಯ ಮತ್ತು ಸ್ಪರ್ಶ ಮಾಡುತ್ತಿದ್ದ ಕೆಲಸವನ್ನು ಈಗ ನಿಮ್ಮ ಮಾತು ಮಾಡಬೇಕಾಗಿದೆ.

ಹಾಗಾದರೆ ಏನು ಹೇಳಬೇಕು? ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದಾದದ್ದನ್ನು ಹೇಳಿ. ಕಲಾವಿದರು ಬರೆದ ಟಿಪ್ಪಣಿಗಳನ್ನು ಓದುವಾಗ ನಾನು ಅನುಸರಿಸುವ ಪರೀಕ್ಷೆ ಇದೊಂದೇ: ಈ ವಾಕ್ಯವನ್ನು ಓದಿದ ಮೇಲೆ ನೋಡುವವರು ಮತ್ತೆ ಚಿತ್ರದತ್ತ ತಿರುಗುತ್ತಾರೆಯೇ? ‘ಭಕ್ತಿ ಮತ್ತು ಪರಂಪರೆಯ ಸಂಗಮ’ ಎಂದು ಬರೆದರೆ ಯಾರೂ ತಿರುಗುವುದಿಲ್ಲ, ಆ ಮಾತನ್ನು ಯಾವ ಚಿತ್ರದ ಕೆಳಗಾದರೂ ಹಾಕಬಹುದು. ಅದರ ಬದಲಿಗೆ ಇಂಥದ್ದೊಂದನ್ನು ಯೋಚಿಸಿ: “ಈ ಸರಸ್ವತಿಯ ಕಿರೀಟದಲ್ಲಿ ಮೂರು ಸಾಲು ಉಬ್ಬು ಕೆಲಸವಿದೆ. ಮಳೆಗಾಲವಾದ್ದರಿಂದ ಮೊದಲ ಸಾಲು ಬೇಗ ಒಣಗಲಿಲ್ಲ, ಒಣಗುವ ಮುಂಚೆ ಎರಡನೆಯದನ್ನು ಎಳೆದರೆ ಬಿರುಕು ಬಿಡುತ್ತದೆ, ಹಾಗಾಗಿ ಅದನ್ನು ಬದಿಗಿಟ್ಟು ವೀಣೆಯ ತಂತಿಗಳನ್ನು ಬರೆದೆ. ಸೀರೆಗೆ ಕೆಂಪು ಅಂಚು ಬೇಡವೆಂದು ಬರೆಸಿದವರು ಕೇಳಿದ್ದರು. ಬಿಳಿಯ ಮೇಲೆ ಚಿನ್ನ ತೇಲಿದಂತೆ ಕಾಣಬಾರದೆಂದು ನಾನು ಅಂಚಿಗೆ ತಿಳಿ ಹಸಿರಿನ ಗೆರೆಯೊಂದನ್ನು ಸೇರಿಸಿದ್ದೇನೆ.” ಇಷ್ಟು ಸಾಕು. ಇದರಲ್ಲಿ ಕಣ್ಣೀರಿಲ್ಲ, ಅರಮನೆಯಿಲ್ಲ. ಆದರೆ ಓದಿದವರು ಕಿರೀಟವನ್ನು ಹಿಗ್ಗಿಸಿ ನೋಡುತ್ತಾರೆ, ಅಂಚಿನ ಹಸಿರನ್ನು ಹುಡುಕುತ್ತಾರೆ, ಬೆಲೆ ಯಾಕೆ ಅಷ್ಟು ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ತಾವೇ ಕಂಡುಕೊಳ್ಳುತ್ತಾರೆ.

ಇಂಥ ಸಾಮಗ್ರಿ ನಿಮ್ಮಲ್ಲಿ ಬೇಕಾದಷ್ಟಿದೆ, ದಿನವೂ ಮಾಡುವುದರಿಂದ ಅದು ಹೇಳುವಂಥದ್ದೆಂದು ನಿಮಗೆ ತೋರುವುದಿಲ್ಲ. ಹಿಂದಿನವರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ರೇಖೆ ಎಳೆಯುವ ಇದ್ದಿಲನ್ನು ತಯಾರಿಸುತ್ತಿದ್ದರು, ಅತಿ ಸೂಕ್ಷ್ಮವಾದ ಗೆರೆಗೆ ಅಳಿಲಿನ ಕೂದಲಿನ ಕುಂಚವನ್ನು, ಕೆಲವೊಮ್ಮೆ ಎಳೆಯ ಹುಲ್ಲಿನ ತುದಿಯನ್ನೂ ಬಳಸುತ್ತಿದ್ದರು. ಇವುಗಳಲ್ಲಿ ನೀವು ಯಾವುದನ್ನು ಉಳಿಸಿಕೊಂಡಿದ್ದೀರಿ, ಯಾವುದನ್ನು ಬಿಟ್ಟಿರಿ, ಬಿಟ್ಟದ್ದೇಕೆ ಎಂಬುದೇ ಒಂದೊಂದು ಟಿಪ್ಪಣಿಯಾಗುತ್ತದೆ. ಮುಮ್ಮಡಿಯವರ ಕಾಲದಲ್ಲಿ ಸಿದ್ಧವಾದ, ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ರೂಪಲಕ್ಷಣಗಳು ಶ್ಲೋಕ ಮತ್ತು ಚಿತ್ರಗಳ ಸಮೇತ ದೊರೆಯುತ್ತವೆ. ನೀವು ಬರೆದ ದೇವಿಯ ಕೈಯಲ್ಲಿ ಪಾಶ ಯಾಕಿದೆ ಎಂದು ಅಲ್ಲಿಯ ಲಕ್ಷಣದ ಆಧಾರದಿಂದ ನಾಲ್ಕು ವಾಕ್ಯ ಬರೆದರೆ, ದೂರದ ಊರಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ತೋರಿಸಲೆಂದು ಓದುವ ತಂದೆತಾಯಿಯರಿದ್ದಾರೆ. ಬಿಡುವಾದಾಗ ಮಗಳನ್ನು ಕರೆದುಕೊಂಡು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ ಬನ್ನಿ. ಅಲ್ಲಿಯ ಹಳೆಯ ಚಿತ್ರಗಳ ಮುಂದೆ ನಿಂತು ನೀವು ಅವಳಿಗೆ ಏನೇನು ತೋರಿಸುತ್ತೀರೋ ಅದನ್ನೇ ಅವಳು ಬರೆದುಕೊಳ್ಳಲಿ. ನಿಮ್ಮ ಓದುಗರಿಗೂ ಬೇಕಾದ ಧಾಟಿ ಅದೇ.

ಫೋಟೋದ ಬಗ್ಗೆ ಒಂದು ಮಾತು. ಬೆಳಗಿನ ಅಥವಾ ಸಂಜೆಯ ಬೆಳಕು ಕಿಟಕಿಯಿಂದ ಅಡ್ಡಲಾಗಿ ಬೀಳುವಂತೆ ಚಿತ್ರವನ್ನಿಟ್ಟು ತೆಗೆಯಿರಿ, ಆಗ ಉಬ್ಬಿನ ಸಣ್ಣ ನೆರಳು ಮೂಡುತ್ತದೆ. ಹಲಗೆಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ವಾಲಿಸುವ ಹತ್ತು ಸೆಕೆಂಡಿನ ವಿಡಿಯೊ ಚಿನ್ನವನ್ನು ತೋರಿಸಿದಂತೆ ಯಾವ ವರ್ಣನೆಯೂ ತೋರಿಸಲಾರದು.

ಈಗ ಕಳ್ಳತನದ ಪ್ರಶ್ನೆ. ಸಫೇದಾ (ಬಿಳಿಯ ಪುಡಿ), ಮಕ್ಕಿ (ಹಳದಿ ಬಣ್ಣದ ಮರದ ರಾಳ), ಅಂಟು ಸೇರಿಸಿ ಜೆಸ್ಸೊ ಕಲಸುವ ಕ್ರಮ ಗುಟ್ಟೆಂದು ನಿಮ್ಮ ಸಹಪಾಠಿಗಳು ನಂಬಿದ್ದಾರೆ. ಆದರೆ ನಮ್ಮ ನಾಡಿನಲ್ಲಿ ಚಿತ್ರಕಲೆಯ ತಂತ್ರ ಬಚ್ಚಿಟ್ಟ ವಿದ್ಯೆಯಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟು ತಯಾರಿಸುವುದನ್ನೂ, ಚಿನ್ನವನ್ನು ಅರೆದು ಹಚ್ಚಿ ಹಂದಿಯ ಕೋರೆಯಿಂದ ಉಜ್ಜಿ ಹೊಳಪು ಕೊಡುವುದನ್ನೂ ಬರೆದಿಟ್ಟಿದ್ದಾನೆ. ನಿಮ್ಮ ಶೈಲಿಯ ಕ್ರಮಗಳೂ ಪುಸ್ತಕಗಳಲ್ಲಿವೆ, ತರಬೇತಿ ಶಿಬಿರಗಳಲ್ಲಿ ಕಲಿಸಲಾಗುತ್ತಿದೆ. ಪಾಕ ತಿಳಿದ ಮಾತ್ರಕ್ಕೆ ಕೈ ಬರುವುದಿಲ್ಲ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಗುರುಗಳು ತಾವೇ ಕಂಡುಕೊಂಡ ಅಳತೆಯೊಂದನ್ನು ಹೊರಗೆ ಹೇಳಬೇಡವೆಂದು ಹೇಳಿದ್ದರೆ ಅದನ್ನು ಮಾತ್ರ ಖಂಡಿತ ಹೇಳಬೇಡಿ. ಅದು ನೀವು ಕೊಟ್ಟ ಮಾತಿಗೆ ಸಂಬಂಧಿಸಿದ್ದು, ಮಾರುಕಟ್ಟೆಯ ಲೆಕ್ಕಾಚಾರ ಅದಕ್ಕೆ ಅನ್ವಯಿಸುವುದಿಲ್ಲ. ಹಾಗೆಯೇ, ಹಳೆಯ ಪದ್ಧತಿಯ ಸಫೇದಾದಲ್ಲಿ ಸೀಸವಿರುತ್ತದೆ. ನೀವು ಈಗಲೂ ಅದನ್ನೇ ಬಳಸುವುದಾದರೆ ಕಲಸುವುದನ್ನು ತೋರಿಸುವಾಗ ಪುಡಿ ಉಸಿರಿಗೆ ಹೋಗದಂತೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕೆಂಬ ಎಚ್ಚರಿಕೆಯನ್ನು ತಪ್ಪದೆ ಹೇಳಿ, ಏಕೆಂದರೆ ನೋಡಿದವರು ಮನೆಯಲ್ಲಿ ಪ್ರಯತ್ನಿಸುತ್ತಾರೆ.

ನಿಜವಾಗಿ ಕಳುವಾಗುವುದು ಚಿತ್ರದ ಫೋಟೋ ಮತ್ತು ನೀವೇ ರಚಿಸಿದ ರೇಖಾವಿನ್ಯಾಸ. ಎದುರಿನಿಂದ ನೇರವಾಗಿ ತೆಗೆದ ಸ್ಪಷ್ಟ ಫೋಟೋವನ್ನು ಪೂರ್ಣ ಗಾತ್ರದಲ್ಲಿ ಹಾಕಿದರೆ ಅದನ್ನು ಇಳಿಸಿಕೊಂಡು ಕ್ಯಾನ್ವಾಸಿನ ಮೇಲೆ ಮುದ್ರಿಸಿ ಮಾರುವವರಿದ್ದಾರೆ. ಉದ್ದನೆಯ ಬದಿ 1200 ಪಿಕ್ಸೆಲ್ ಮೀರದಂತೆ ನೋಡಿಕೊಂಡರೆ, ಉತ್ತಮ ಗುಣಮಟ್ಟದ ಮುದ್ರಣಕ್ಕೆ ಬೇಕಾದ ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಅದು ನಾಲ್ಕು ಇಂಚಿಗಿಂತ ದೊಡ್ಡದಾಗಲಾರದು. ಇದರಿಂದ ಕಳ್ಳತನ ಪೂರ್ತಿ ನಿಲ್ಲುವುದಿಲ್ಲ, ದೊಡ್ಡ ಪಟದ ಲಾಭ ಮಾತ್ರ ತಪ್ಪುತ್ತದೆ. ಬಣ್ಣ ತುಂಬುವ ಮುಂಚಿನ ಪೂರ್ಣ ರೇಖಾಚಿತ್ರವನ್ನು ಹಾಕಲೇಬೇಡಿ, ಅಚ್ಚು ತೆಗೆದುಕೊಳ್ಳುವವರಿಗೆ ಅದಕ್ಕಿಂತ ಅನುಕೂಲ ಬೇರೆಯಿಲ್ಲ.

ಕಾನೂನಿನ ವಿಷಯದಲ್ಲಿ ನೀವು ತಿಳಿದಿರಬೇಕಾದ ಸಂಗತಿಯೊಂದಿದೆ, ಬಹುತೇಕ ಕಲಾವಿದರಿಗೆ ಇದು ಗೊತ್ತಿರುವುದಿಲ್ಲ. ನೀವು ಸ್ವಂತವಾಗಿ ಬರೆದ ಚಿತ್ರದ ಕೃತಿಸ್ವಾಮ್ಯ, ಚಿತ್ರವನ್ನು ಮಾರಿದ ಮೇಲೂ ನಿಮ್ಮದೇ. ಬರವಣಿಗೆಯ ಮೂಲಕ ವರ್ಗಾಯಿಸಿದ ಹೊರತು ಅದು ಕೊಂಡವರಿಗೆ ಹೋಗುವುದಿಲ್ಲ. ನಿಮ್ಮ ಜೀವಿತಾವಧಿ ಮತ್ತು ಅನಂತರದ 60 ವರ್ಷ ಅದಕ್ಕೆ ರಕ್ಷಣೆಯಿದೆ, ನೋಂದಣಿ ಕಡ್ಡಾಯವಲ್ಲ. ಆದರೆ ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಬರೆಸಿದವರೇ ಮೊದಲ ಹಕ್ಕುದಾರರು. ಅಂದರೆ ಅಂಥ ಚಿತ್ರದ ಫೋಟೋ ಹಾಕಿ ಕಥೆ ಹೇಳುವುದಕ್ಕೂ ನೀವು ಅವರ ಅನುಮತಿ ಪಡೆಯಬೇಕಾದೀತು. ‘ಕೃತಿಸ್ವಾಮ್ಯ ಕಲಾವಿದೆಯದ್ದು, ಚಿತ್ರದ ಫೋಟೋ ಮತ್ತು ತಯಾರಿಕೆಯ ವಿವರವನ್ನು ಪ್ರಕಟಿಸಲು ಒಪ್ಪಿಗೆಯಿದೆ’ ಎಂಬ ಎರಡು ಸಾಲನ್ನು ಮುಂಗಡ ಪಡೆಯುವಾಗಲೇ ಚೀಟಿಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಚಿತ್ರದ ಕರ್ತೃವೆಂದು ಹೆಸರು ಹೇಳಿಕೊಳ್ಳುವ ಹಕ್ಕು ಎರಡೂ ಸಂದರ್ಭದಲ್ಲಿ ನಿಮ್ಮದೇ. ಬರೆಸಿದವರ ಮನೆಯ ದೇವರ ಕೋಣೆ, ಹರಕೆ, ಮಗುವಿನ ಕಾಯಿಲೆ ಇತ್ಯಾದಿಗಳು ಅವರ ಕಥೆಗಳು. ಒಪ್ಪಿಗೆ ಕೊಟ್ಟರೂ ಹೆಸರು ಮತ್ತು ಗುರುತನ್ನು ಬಿಟ್ಟೇ ಹೇಳಿ.

ಯಜಮಾನರ ವಿಷಯಕ್ಕೆ ಬರುತ್ತೇನೆ. ದುಃಖವನ್ನು ಹೇಳಿಕೊಂಡರೆ ಜನ ಸ್ಪಂದಿಸುವುದಿಲ್ಲವೆಂದಲ್ಲ, ಸ್ಪಂದಿಸುತ್ತಾರೆ. ಒಂದು ವಾರದಲ್ಲಿ ನಿಮ್ಮ ಖಾತೆಗೆ ಸಾವಿರಾರು ಮಂದಿ ಸೇರಬಹುದು, ಕೆಲವರು ಚಿತ್ರವನ್ನೂ ಕೊಳ್ಳಬಹುದು. ನಾನು ಕಂಡಂತೆ ತೊಂದರೆ ಶುರುವಾಗುವುದು ಅದರ ನಂತರ. ಸಹಾಯವೆಂದು ಕೊಂಡವರು ಸಣ್ಣ ಚಿತ್ರವೊಂದನ್ನು ಕೊಂಡು ಕರ್ತವ್ಯ ಮುಗಿಯಿತೆಂದು ಹೊರಡುತ್ತಾರೆ, ಚಿನ್ನದ ಕೆಲಸದ ದೊಡ್ಡ ಚಿತ್ರಕ್ಕೆ ಮರಳುವವರು ವಿರಳ. ಮುಂದಿನ ಚಿತ್ರವನ್ನು ಹಾಕಿದಾಗ ಮಾತು ಮತ್ತೆ ನಿಮ್ಮ ಕಷ್ಟದ ಸುತ್ತಲೇ ನಡೆಯುತ್ತದೆ. ‘ಪಾಪ’ ಎಂದವರೇ ಚೌಕಾಸಿಗೂ ಇಳಿಯುತ್ತಾರೆ, ಕಷ್ಟದಲ್ಲಿರುವವರು ಬಂದ ಬೆಲೆಗೆ ಕೊಡುತ್ತಾರೆಂಬ ನಿರೀಕ್ಷೆ ಅವರಿಗೆ ತಾನಾಗಿಯೇ ಹುಟ್ಟಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಹೊರಬಿದ್ದ ಮಾತನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ, ಮತ್ತು ಆ ಕಥೆ ನಿಮ್ಮೊಬ್ಬರದಲ್ಲ. ನಿಮ್ಮ ಮಗಳು ತಂದೆಯನ್ನು ಕಳೆದುಕೊಂಡವಳು. ತನ್ನ ಗೆಳತಿಯರು, ನಾಳೆ ಅವಳ ಕಚೇರಿಯವರು ಅದನ್ನು ಓದುವುದು ಅವಳಿಗೆ ಇಷ್ಟವೇ ಎಂದು ಅವಳನ್ನು ಕೇಳಬೇಕಾಗುತ್ತದೆ.

ಹಾಗೆಂದು ಬದುಕಿನ ಬಗ್ಗೆ ಒಂದಕ್ಷರವೂ ಬೇಡವೆಂದು ನಾನು ಹೇಳುವುದಿಲ್ಲ. ‘ಮದುವೆಯ ನಂತರ ಹಲವು ವರ್ಷ ಕುಂಚ ಹಿಡಿದಿರಲಿಲ್ಲ, ಮತ್ತೆ ಆರಂಭಿಸಿದಾಗ ಮೊದಲು ಕೈಗೆ ಬಂದದ್ದು ಬಳ್ಳಿಯ ಗೆರೆ, ಕೊನೆಗೆ ಬಂದದ್ದು ಕಣ್ಣು’ ಎಂಬಂಥ ಮಾತು ನಿಮ್ಮ ಬದುಕಿನದ್ದೂ ಹೌದು, ಕೆಲಸದ್ದೂ ಹೌದು. ಇಂಥವನ್ನು ಹೇಳುವುದರಲ್ಲಿ ಅಪಾಯ ಕಡಿಮೆ. ಯಜಮಾನರನ್ನು ನೆನೆದು ಒಂದು ಚಿತ್ರ ಬರೆದಿದ್ದು, ಆ ಸಂಗತಿಯಿಲ್ಲದೆ ಅದು ಅರ್ಥವಾಗುವುದಿಲ್ಲವೆಂದಾದರೆ ಅದನ್ನು ಆ ಚಿತ್ರದ ಜೊತೆ ಒಮ್ಮೆ ಹೇಳಿ. ಖಾತೆಯ ಪರಿಚಯದಲ್ಲಿ ಶಾಶ್ವತವಾಗಿ ಬರೆದಿಡಬೇಡಿ.

ಅಂಗಡಿಯವರ ‘ಅರಮನೆ ಮನೆತನ’ದ ಸಲಹೆಯನ್ನು ಮಾತ್ರ ನಾನು ಪೂರ್ತಿಯಾಗಿ ತಿರಸ್ಕರಿಸುತ್ತೇನೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆಯಿದೆ. ಆ ಮಾನ್ಯತೆ ಪ್ರದೇಶಕ್ಕೂ ವಿಧಾನಕ್ಕೂ ಸಂಬಂಧಿಸಿದ್ದು, ಯಾರ ವಂಶಕ್ಕೂ ಅಲ್ಲ. ನೀವು ಮೈಸೂರಿನಲ್ಲಿ, ಆ ವಿಧಾನದಲ್ಲಿ ಬರೆಯುತ್ತಿದ್ದೀರಿ, ಹೇಳಿಕೊಳ್ಳಲು ಅದೇ ಸಾಕಷ್ಟು ಗೌರವದ ಸಂಗತಿ. ಚೆನ್ನೈಯಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಲು ಕಲಾವಿದರಿಗೆ ಅವಕಾಶವಿದೆ. ಅದನ್ನು ಮಾಡಿಸಿಕೊಂಡರೆ ಅಲಂಕಾರದ ಹತ್ತು ವಿಶೇಷಣಗಳಿಗಿಂತ ಬೆಲೆಯುಳ್ಳ ಒಂದು ವಾಕ್ಯ ನಿಮ್ಮ ಪಾಲಿಗೆ ದಕ್ಕುತ್ತದೆ. ಇಲ್ಲದ ವಂಶವನ್ನು ಹೇಳಿದರೆ, ಮೈಸೂರಿನಂಥ ಊರಿನಲ್ಲಿ ಎಂದಾದರೊಮ್ಮೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಿಮ್ಮ ನಿಜವಾದ ಗುರುಪರಂಪರೆಯ ಮೇಲೂ ಅನುಮಾನ ಬೀಳುತ್ತದೆ. ಗುರುಗಳ ಹೆಸರನ್ನು ಅವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು ಹೇಳಿ. ಅವರ ಗುರುಗಳು ಯಾರೆಂದು ಗೊತ್ತಿದ್ದರೆ ಅದನ್ನೂ ಹೇಳಿ, ಗೊತ್ತಿರುವಲ್ಲಿಗೆ ನಿಲ್ಲಿಸಿ.

ಇದೇ ನಿಷ್ಠುರತೆ ಚಿನ್ನದ ವಿಷಯದಲ್ಲೂ ಬೇಕು. ನಿಜವಾದ ಚಿನ್ನದ ರೇಕನ್ನು ಬಳಸಿದ್ದರೆ ಹಾಗೆಂದು ಬರೆದು, ಕೊಂಡ ರಸೀದಿಯನ್ನು ಜೋಪಾನವಾಗಿಡಿ. ಕಡಿಮೆ ಬೆಲೆಯ ಚಿತ್ರಗಳಿಗೆ ಹಿತ್ತಾಳೆಯ ಕೃತಕ ರೇಕನ್ನು ಬಳಸಿದ್ದರೆ ಅದನ್ನೂ ಬಿಡಿಸಿ ಹೇಳಿ, ಅದು ವರ್ಷಗಳು ಕಳೆದಂತೆ ಕಪ್ಪಾಗುತ್ತದೆ. ಕಥೆಯ ರೂಪದಲ್ಲಿ ಹೇಳಿದರೂ ಅದು ಮಾರಾಟದ ಹೇಳಿಕೆಯೇ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದು ಮನೆಯಲ್ಲಿ ಕುಳಿತು ಮಾರುವವರಿಗೂ ಅನ್ವಯಿಸುತ್ತದೆ.

ದೇವರ ಚಿತ್ರವನ್ನು ಅರ್ಧದಲ್ಲಿ ತೋರಿಸಲು ಮನಸ್ಸಿಲ್ಲ ಎಂದಿದ್ದೀರಿ. ತೋರಿಸಬೇಡಿ. ಕಣ್ಣು ತೆರೆಯುವ ಕೆಲಸವನ್ನು ಕೊನೆಗೆ ಉಳಿಸಿಕೊಳ್ಳುವ ರೂಢಿ ನಿಮ್ಮ ವೃತ್ತಿಯಲ್ಲಿ ಹಳೆಯದು, ಅದರ ಮುಂಚೆ ಮುಖವನ್ನು ಹೊರಗಿನವರಿಗೆ ತೋರಿಸಬಾರದೆಂಬ ನಿಮ್ಮ ಭಾವನೆಯನ್ನು ಯಾವ ಫೋನಿಗಾಗಿಯೂ ಬಿಡಬೇಕಾಗಿಲ್ಲ. ಪ್ರಭಾವಳಿ, ಪೀಠ, ಒಡವೆ, ಅಂಚಿನ ಬಳ್ಳಿ, ಮಂಟಪದ ಕಂಬ, ಇವುಗಳ ಕೆಲಸವನ್ನು ಹತ್ತಿರದಿಂದ ತೋರಿಸಿ. ಮುಖವನ್ನು ಯಾಕೆ ತೋರಿಸುತ್ತಿಲ್ಲವೆಂದು ಯಾರಾದರೂ ಕೇಳಿದರೆ ಕಾರಣ ಹೇಳಿ. ಅದನ್ನು ಗೌರವಿಸದವರು ನಿಮ್ಮಿಂದ ದೇವರ ಚಿತ್ರವನ್ನು ಕೊಳ್ಳುವವರೂ ಅಲ್ಲ.

ಇನ್ನು ನಡೆಸಿಕೊಂಡು ಹೋಗುವ ಬಗೆ. ಮಗಳು ಬರೆಯಲಿ, ಆದರೆ ನಿಮ್ಮ ಮಾತನ್ನೇ ಬರೆಯಲಿ. ಕೆಲಸ ಮಾಡುತ್ತಾ ನೀವು ಹೇಳಿದ್ದನ್ನು ಅವಳು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಅನಗತ್ಯವಾದದ್ದನ್ನು ತೆಗೆದು ಹಾಕಿದರೆ ಸಾಕು. ಮೊದಲು ಕನ್ನಡದಲ್ಲಿಯೇ ಇರಲಿ, ಇಂಗ್ಲಿಷಿನ ಅನುವಾದ ಕೆಳಗೆ ಬರಬಹುದು. ದಿನವೂ ಹಾಕಬೇಕೆಂಬ ಒತ್ತಡಕ್ಕೆ ಒಳಗಾಗಬೇಡಿ. ಒಂದು ಚಿತ್ರಕ್ಕೆ ವಾರಗಟ್ಟಲೆ ಹಿಡಿಯುವ ಕೆಲಸದಲ್ಲಿ ದಿನಕ್ಕೊಂದು ಸುದ್ದಿ ಹುಟ್ಟುವುದಿಲ್ಲ, ಹುಟ್ಟಿಸಲು ಹೋದರೆ ಕೆಲಸ ಕೆಡುತ್ತದೆ. ವಾರಕ್ಕೊಂದು ಸಾಕು. ಮೆಚ್ಚುಗೆಯ ಸಂಖ್ಯೆಯನ್ನು ಬದಿಗಿಟ್ಟು, ‘ಎಷ್ಟು ದಿನ ಬೇಕು’, ‘ಇದೇ ದೇವರನ್ನು ಬೇರೆ ಗಾತ್ರದಲ್ಲಿ ಬರೆಯುತ್ತೀರಾ’ ಎಂದು ಕೇಳುವವರನ್ನು ಗಮನಿಸಿ. ದುಬಾರಿ ಚಿತ್ರವನ್ನು ಕೊಳ್ಳುವವರು ಹಲವು ತಿಂಗಳು ಮೌನವಾಗಿ ನೋಡುತ್ತಿದ್ದು, ಗೃಹಪ್ರವೇಶವೋ ಮದುವೆಯೋ ಬಂದಾಗ ಕರೆ ಮಾಡುತ್ತಾರೆ. ಅಲ್ಲಿಯವರೆಗೆ ಅಂಗಡಿಯನ್ನು ಬಿಡಬೇಡಿ.

ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮನ್ನು ಹಿಂಬಾಲಿಸುವವರಿಗೆಲ್ಲ ನೀವು ಹಾಕಿದ್ದು ಕಾಣುತ್ತದೆಂಬ ಖಾತ್ರಿಯಿಲ್ಲ, ಖಾತೆ ಹೋದರೆ ಅವರೂ ಹೋದಂತೆಯೇ. ಆದ್ದರಿಂದ ಆಸಕ್ತಿಯಿಂದ ಪ್ರಶ್ನೆ ಕೇಳಿದವರ ಒಪ್ಪಿಗೆ ಪಡೆದು ಅವರ ಫೋನ್ ಸಂಖ್ಯೆಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಇದನ್ನು ಅವರಿಗೆ ಹೇಳಬೇಕು. ದಸರಾ ವಸ್ತುಪ್ರದರ್ಶನ, ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ, ಇಂಥ ಕಡೆ ಮಳಿಗೆ ಸಿಕ್ಕಾಗ ಈ ಪಟ್ಟಿಯವರಿಗೆ ಮೊದಲು ತಿಳಿಸಿ. ಪರದೆಯಲ್ಲಿ ಕಥೆ ಓದಿದವರು ಹಲಗೆಯ ಮುಂದೆ ನಿಂತು ಉಬ್ಬನ್ನು ಕಣ್ಣಾರೆ ಕಂಡಾಗ ಬೆಲೆಯ ಮಾತು ಸುಲಭವಾಗುತ್ತದೆ.

ಕೊನೆಯದಾಗಿ, ಅಂಗಡಿಯವರೊಂದಿಗೆ ಈಗಲೇ ಮಾತನಾಡಿ. ನಿಮ್ಮ ಚಿತ್ರದ ಜೊತೆ ಅವರು ಯಾವ ವಿವರಣೆ ಹಾಕುತ್ತಾರೆಂಬುದನ್ನು ನೋಡಿ, ಮನೆತನದ ಮಾತು ಅದರಲ್ಲಿ ಈಗಾಗಲೇ ಇದ್ದರೆ ತೆಗೆಸಿ. ಪ್ರತಿ ಚಿತ್ರದ ಹಿಂದೆ ನಿಮ್ಮ ಹೆಸರು, ವರ್ಷ, ಬಳಸಿದ ಸಾಮಗ್ರಿ ಮತ್ತು ನೀವೇ ಬರೆದ ನಾಲ್ಕು ಸಾಲಿನ ಟಿಪ್ಪಣಿಯನ್ನು ಅಂಟಿಸಿ ಕೊಡುವುದಾಗಿ ಹೇಳಿ. ಒಪ್ಪದಿದ್ದರೆ ಮುಂದಿನ ಚಿತ್ರವನ್ನು ಅವರಿಗೆ ಕೊಡುವ ಮುಂಚೆ ಯೋಚಿಸಿ. ನಿಮ್ಮ ಹೆಸರನ್ನು ಮರೆಮಾಡಿ ಮಾರುವ ಕಡೆ, ನೀವು ಇಲ್ಲಿ ಎಷ್ಟು ಕಥೆ ಹೇಳಿದರೂ ಆ ಚಿತ್ರದ ಒಡೆಯರು ನಿಮ್ಮನ್ನು ಹುಡುಕಿಕೊಂಡು ಬರುವ ದಾರಿಯೇ ಇರುವುದಿಲ್ಲ.